ಆರೋಗ್ಯದ ಬಾಯಿ

ಹಲ್ಲಿನ ಆಸ್ಪತ್ರೆಯ ಹಿಂಭಾಗದಲ್ಲಿ, ಎಕ್ಸ್‌ರೇ ಕೋಣೆ ದಾಟಿದ ಮೇಲೆ ಸಿಗುವ ಲ್ಯಾಬಿನಲ್ಲಿ ಅವಳ ಕೆಲಸ ಅಡುಗೆ ಮಾಡುವುದು. ಉಣ್ಣುವವರು ಮಾತ್ರ ಬರಿಗಣ್ಣಿಗೆ ಕಾಣುವವರಲ್ಲ. ರೋಗಿಗಳ ಬಾಯಿಂದ ತಂದ ಬ್ಯಾಕ್ಟೀರಿಯಾಗಳು ಬೆಳೆಯಬೇಕಾದರೆ ಅವಕ್ಕೂ ಊಟ ಬೇಕು. ಆ ಊಟ ಬೇಯಿಸಿ ಬಡಿಸುವವಳು ಇವಳಾದ್ದರಿಂದ ಲ್ಯಾಬಿನವರೆಲ್ಲ ಅಡುಗೆಯಕ್ಕ ಎಂದೇ ಕರೆಯುತ್ತಿದ್ದರು. ಲ್ಯಾಬಿನ ಮುಖ್ಯಸ್ಥೆಯಾದ ಮೇಡಂ ವಯಸ್ಸಿನಲ್ಲಿ ಇವಳಿಗಿಂತ ದೊಡ್ಡವರು, ಅವರ ಬಾಯಲ್ಲೂ ಇವಳು ಅಕ್ಕನೇ.

ಪುಡಿ ತೂಗಬೇಕು, ಶುದ್ಧ ನೀರಿನಲ್ಲಿ ಗಂಟಾಗದಂತೆ ಕಲಸಿ ಕಾಯಿಸಬೇಕು, ಆಟೋಕ್ಲೇವ್ ಎಂಬ ದೊಡ್ಡ ಪ್ರೆಶರ್ ಕುಕ್ಕರಿನಲ್ಲಿಟ್ಟು ಬೇಡದ ಜೀವಿಗಳನ್ನೆಲ್ಲ ಕೊಲ್ಲಬೇಕು. ಇಳಿಸಿದ ಮೇಲೆ ಫ್ಲಾಸ್ಕನ್ನು ಮುಂಗೈಗೆ ತಾಗಿಸಿ ನೋಡಬೇಕು. ಸುಡಬಾರದು, ಹಾಗೆಂದು ತಣ್ಣಗೂ ಆಗಿರಬಾರದು. ಆ ಹದದಲ್ಲಿ ಒಂದಿಷ್ಟು ಕುರಿಯ ರಕ್ತ ಬೆರೆಸಿ, ಮುಚ್ಚಳವಿರುವ ಅಂಗೈಯಗಲದ ತಟ್ಟೆಗಳಿಗೆ ಸುರಿದರೆ ಸ್ವಲ್ಪ ಹೊತ್ತಿನಲ್ಲಿ ಕೆಂಪಗೆ ಹೆಪ್ಪುಗಟ್ಟುತ್ತದೆ. ಅಡುಗೆಯಕ್ಕನ ಹದ ಎಂದೂ ಕೆಟ್ಟಿದ್ದಿಲ್ಲ, ಕೆಡುತ್ತಿದ್ದದ್ದು ಅಳತೆ. ಮನೆಯಲ್ಲಿ ಬಡಿಸಿ ಬಡಿಸಿ ಅವಳ ಕೈ ಧಾರಾಳವಾಗಿಬಿಟ್ಟಿತ್ತು. ಮೇಡಂ ಆಗಾಗ ತಟ್ಟೆಯನ್ನು ಓರೆಯಾಗಿ ಹಿಡಿದು ದಪ್ಪ ನೋಡುವರು, ಇವು ನಾವು ಕೊಲ್ಲೋಕೆ ಕರೆದಿರೋ ಅತಿಥಿಗಳು, ಇಷ್ಟು ಉಪಚಾರ ಬೇಡ ಎಂದು ರೇಗಿಸುವರು.

ರೇಗಿಸುವುದಕ್ಕೆ ಕಾರಣವಿತ್ತು. ತಟ್ಟೆಯ ತುಂಬ ಬ್ಯಾಕ್ಟೀರಿಯಾ ಸವರಿ, ಮಧ್ಯದಲ್ಲಿ ಆಂಟಿಬಯೋಟಿಕ್ ಹೀರಿಸಿದ ಪುಟ್ಟ ಕಾಗದದ ಬಿಲ್ಲೆ ಇಡುತ್ತಾರೆ. ಬಿಲ್ಲೆಯಿಂದ ಔಷಧ ಸುತ್ತಲೂ ಒಸರುತ್ತದೆ. ಔಷಧ ಕೆಲಸ ಮಾಡಿದರೆ ಮರುದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ಖಾಲಿ ಬಳೆಯೊಂದು ಕಾಣುತ್ತದೆ. ಬಳೆ ಅಗಲವಿದ್ದರೆ ಬ್ಯಾಕ್ಟೀರಿಯಾ ಸೋತಿದೆ, ಬಳೆಯೇ ಇಲ್ಲದಿದ್ದರೆ ಔಷಧ ಸೋತಿದೆ. ತಟ್ಟೆ ದಪ್ಪವಾದರೆ ಔಷಧ ಕೆಳಕ್ಕೂ ಇಳಿದು ಹೋಗಿ ಬಳೆ ಚಿಕ್ಕದಾಗುತ್ತದೆ, ಲೆಕ್ಕ ತಪ್ಪುತ್ತದೆ. ಧಾರಾಳದಿಂದ ಕೆಡುವ ಅಡುಗೆ ಲೋಕದಲ್ಲಿ ಇದೊಂದೇ ಇರಬೇಕು.

ಸುರಿಯುವುದಷ್ಟೇ ಅವಳ ಕೆಲಸ. ಮರುದಿನ ನೋಡುವುದು ಮೇಡಂ ಕೆಲಸ. ಆದರೆ ಅಡುಗೆಯಕ್ಕನಿಗೆ ಮೂಗು ತೂರಿಸದೆ ಇರಲು ಬರುತ್ತಿರಲಿಲ್ಲ. ಬೆಳಗ್ಗೆ ಬಂದವಳು ಚೀಲ ಇಡುವ ಮೊದಲೇ, ತಟ್ಟೆಗಳನ್ನು ಬೆಚ್ಚಗಿಟ್ಟು ಬೆಳೆಸುವ ಇನ್‌ಕ್ಯುಬೇಟರಿನ ಮುಂದೆ ನಿಂತಿರುತ್ತಿದ್ದಳು. ನಿನ್ನೆ ಖಾಲಿಯಿದ್ದ ತಟ್ಟೆಯಲ್ಲಿ ಇವತ್ತು ಇಬ್ಬನಿಯಂಥ ಸಣ್ಣ ಚುಕ್ಕೆಗಳು, ಒಂದೊಂದು ಚುಕ್ಕೆಯಲ್ಲೂ ಲಕ್ಷಗಟ್ಟಲೆ ಜೀವ. ಯಾರ ಬಾಯಿಂದ ಬಂದವು, ಯಾಕೆ ಇದು ಬೂದು, ಅದು ಹಸಿರು ಎಂದು ಕೇಳಿ ಕೇಳಿ ಮೇಡಂ ತಲೆ ತಿನ್ನುತ್ತಿದ್ದಳು. ಮೇಡಂಗೂ ಹೇಳುವ ಚಟವಿತ್ತು. ಹಲ್ಲಿನ ಮೇಲೆ ಕೂರುವ ಅಂಟು ಪದರಕ್ಕೆ ಪ್ಲಾಕ್ ಎನ್ನುತ್ತಾರೆ, ಅದರೊಳಗೆ ನೂರಾರು ಜಾತಿಯ ಬ್ಯಾಕ್ಟೀರಿಯಾ ಒತ್ತೊತ್ತಾಗಿ ಬದುಕುತ್ತವೆ, ಔಷಧ ತಡೆಯುವ ವಿದ್ಯೆಯನ್ನು ಒಂದು ಕಲಿತರೆ ಪಕ್ಕದ ಮನೆಯದಕ್ಕೂ ದಾಟಿಸುತ್ತದೆ ಎಂದು ಅವರೇ ಹೇಳಿದ್ದರು. ಅಕ್ಕಪಕ್ಕದವರೆಂದರೆ ಹೀಗಿರಬೇಕು ಎಂದು ಅಡುಗೆಯಕ್ಕ ಮೆಚ್ಚಿಕೊಂಡಿದ್ದಳು.

ಆ ವರ್ಷ ಮೇಡಂ ಹೊಸ ಪರೀಕ್ಷೆಯೊಂದನ್ನು ಶುರುಮಾಡಿದರು. ರೋಗಿಗಳ ಪ್ಲಾಕ್ ತೆಗೆದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡುವುದು, ಜೊತೆಗೆ ಹೋಲಿಸಲು ಆಂಟಿಬಯೋಟಿಕ್ ಮುಟ್ಟದ ಆರೋಗ್ಯವಂತರ ಪ್ಲಾಕನ್ನೂ ಬೆಳೆಸುವುದು. ಯಾರಿದ್ದೀರಿ ಎಂದು ಕೇಳಿದ್ದೇ ತಡ, ಅಡುಗೆಯಕ್ಕ ಕೈ ಎತ್ತಿದಳು. ಅವಳಿಗೆ ಅದೊಂದು ಹೆಮ್ಮೆ. ಹುಳುಕಿಲ್ಲದ ಹಲ್ಲು, ರಕ್ತ ಬರದ ವಸಡು, ಮದುವೆಯಾದಾಗಿನಿಂದ ಒಂದೇ ಒಂದು ಆಂಟಿಬಯೋಟಿಕ್ ಮಾತ್ರೆ ನುಂಗಿದವಳಲ್ಲ. ನೆಗಡಿಯಾದರೆ ಸೀನಿ ಸೀನಿ ಕಳೆಯುವಳು, ಜ್ವರ ಬಂದರೆ ಹೊದ್ದು ಮಲಗುವಳು. ಮೇಡಂ ಅವಳ ಬಾಯಿ ನೋಡಿ, ಆರೋಗ್ಯದ ಬಾಯಿ ಅಂದ್ರೆ ಇದು ಎಂದರು. ಆ ದಿನವಿಡೀ ಅವಳು ಕಾರಣವಿಲ್ಲದೆ ಎಲ್ಲರಿಗೂ ನಗು ತೋರಿಸುತ್ತ ಓಡಾಡಿದಳು.

ಮರುದಿನ ಬೆಳಗ್ಗೆ ಮೊದಲು ನೋಡಿದ್ದು ತನ್ನ ತಟ್ಟೆಯನ್ನೇ. ಬಿಲ್ಲೆಯ ಸುತ್ತ ಬಳೆ ಇರಲಿಲ್ಲ. ಬೂದು ಬಣ್ಣದ ಬೆಳೆ ಬಿಲ್ಲೆಯ ಅಂಚಿನವರೆಗೂ ಬಂದು, ಅದಕ್ಕೆ ಆತುಕೊಂಡು ನಿಂತಿತ್ತು.

ಹಾಳು ಕೈ, ಮತ್ತೆ ದಪ್ಪಗೆ ಸುರಿದಿರಬೇಕು ಎಂದು ತನ್ನನ್ನೇ ಬೈದುಕೊಂಡಳು. ಹೊಸದಾಗಿ ಕಾಯಿಸಿ, ಈ ಸಲ ಅಳೆದು ಅಳೆದು ತೆಳ್ಳಗೆ ಸುರಿದು, ಮೇಡಂ ಕೈಯಲ್ಲಿ ಇನ್ನೊಂದು ಸಲ ಪ್ಲಾಕ್ ತೆಗೆಸಿಕೊಂಡಳು. ಪಕ್ಕದ ತಟ್ಟೆಯಲ್ಲಿ ಲ್ಯಾಬಿನವರು ವರ್ಷಗಳಿಂದ ಸಾಕಿಕೊಂಡು ಬಂದ, ಔಷಧಕ್ಕೆ ಸುಲಭವಾಗಿ ಬಗ್ಗುವ ಸಾಧು ಬ್ಯಾಕ್ಟೀರಿಯಾವನ್ನೂ ಸವರಿದರು. ಮರುದಿನ ಅಲ್ಲಿ ಬಿಲ್ಲೆಯ ಸುತ್ತ ಬಳೆ ಚೆನ್ನಾಗಿ, ಎಷ್ಟಿರಬೇಕೋ ಅಷ್ಟಿತ್ತು. ಇವಳ ತಟ್ಟೆಯಲ್ಲಿ ಬಳೆಯೇ ಇರಲಿಲ್ಲ. ತಟ್ಟೆಯಲ್ಲಿ ತಪ್ಪಿಲ್ಲ, ಬಿಲ್ಲೆಯಲ್ಲಿ ತಪ್ಪಿಲ್ಲ, ಉಳಿದದ್ದು ಬಾಯಿ.

ಮೇಡಂ ನೇರವಾಗಿ ಕೇಳಿದರು, ಮಾತ್ರೆ ತಗೊಂಡಿದ್ದೀರಾ ಎಂದು. ಅವಳು ಆಣೆ ಮಾಡಿ ಇಲ್ಲವೆಂದಳು. ಹಾಗಾದರೆ ಮನೆಯಲ್ಲಿ ಯಾರಿಂದಾದರೂ ಬಂದಿರಬಹುದು, ಒಂದೇ ಲೋಟ, ಒಂದೇ ಚಮಚ ಬಾಯಿಗೆ ಇಟ್ಟುಕೊಂಡರೂ ಸಾಕು, ಒಬ್ಬರ ಬಾಯಿಯ ಬ್ಯಾಕ್ಟೀರಿಯಾ ಇನ್ನೊಬ್ಬರಲ್ಲಿ ನೆಲೆ ಊರಬಹುದು ಎಂದು ಮೇಡಂ ಹೇಳಿದರು. ಆಗ ಅವಳ ಕಣ್ಣ ಮುಂದೆ ಬಂದದ್ದು ಬಿಸ್ಕತ್ತಿನ ಡಬ್ಬಿ.

ಡಬ್ಬಿ ಅತ್ತೆಯದು. ಅಡುಗೆಯಕ್ಕನ ಗಂಡ ಬಸ್ಸಿನ ಕಂಡಕ್ಟರು, ದಿನವೆಲ್ಲ ಕೂಗಿ ಕೂಗಿ ಅವನ ಗಂಟಲು ಕೆಡುವುದು ಮಾಮೂಲು. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಗಂಟಲು ಬಿಡುವವರೆಗೆ ನುಂಗಿ, ಬಿಟ್ಟ ದಿನವೇ ನಿಲ್ಲಿಸುತ್ತಿದ್ದ. ಉಳಿದದ್ದನ್ನು ಅವನ ತಾಯಿ ಎತ್ತಿಟ್ಟುಕೊಳ್ಳುತ್ತಿದ್ದರು. ಒಳ್ಳೆಯ ಮಾತ್ರೆ, ಯಾಕೆ ಬಿಸಾಡೋದು ಎಂಬುದು ಅವರ ವಾದ. ಮನೆಯಲ್ಲಿ ಯಾರಿಗೆ ಏನಾದರೂ ಅವರು ಕಪಾಟಿನ ಮೇಲಿಂದ ಡಬ್ಬಿ ಇಳಿಸುವರು, ಬಣ್ಣ ನೋಡಿ ಔಷಧ ಹೇಳುವರು. ಸೊಸೆ ಮಾತ್ರ ಎಂದೂ ಕೈ ಒಡ್ಡಿದ್ದಿಲ್ಲ. ಅತ್ತೆಗೆ ಕೆಲವು ತಿಂಗಳಿಂದ ಒಂದು ದವಡೆ ಹಲ್ಲು ನೋಯುತ್ತಿತ್ತು. ಆ ನೋವಿಗೆ ಡಬ್ಬಿಯಿಂದ ಒಂದೊಂದೇ ನುಂಗಿ ಸುಮ್ಮನಾಗುತ್ತಿದ್ದಾರೆ, ಇನ್ನೇನು ಮಾಡಿಯಾರು ಎಂದು ಅಡುಗೆಯಕ್ಕ ತೀರ್ಮಾನಿಸಿಬಿಟ್ಟಳು. ಅರ್ಧಂಬರ್ಧ ಔಷಧ ಕಂಡ ಬ್ಯಾಕ್ಟೀರಿಯಾ ಗಟ್ಟಿಯಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅತ್ತೆಯ ಬಾಯಲ್ಲಿ ಗಟ್ಟಿಯಾದದ್ದು ತನ್ನ ಬಾಯಿಗೆ ಬಂದಿದೆ, ಇಷ್ಟೇ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ದವಡೆ ಹಲ್ಲನ್ನು ಮುಂದಿನ ವಾರ ಕೀಳುವವರಿದ್ದರು. ಅತ್ತೆಯ ಹೃದಯದಲ್ಲಿ ಹಿಂದೊಮ್ಮೆ ಕೂರಿಸಿದ ಕೃತಕ ಕವಾಟವಿದೆ. ಹಲ್ಲು ಕೀಳುವಾಗ ವಸಡಿನ ಗಾಯದಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಕವಾಟದ ಮೇಲೆ ಕೂತರೆ ಜೀವಕ್ಕೇ ಸಂಚಕಾರ. ಅದಕ್ಕೇ ಕೀಳುವ ಮೊದಲು ಒಂದು ಆಂಟಿಬಯೋಟಿಕ್ ಕೊಡುತ್ತಾರೆ. ಕೊಡುವುದು ಯಾವುದು ಎಂದು ಅಡುಗೆಯಕ್ಕ ಕೇಳಿದಳು. ಅವಳ ತಟ್ಟೆಯಲ್ಲಿ ಸೋತು ಕೂತಿದ್ದ ಔಷಧವೇ ಅದು. ಅತ್ತೆಯ ಬಾಯಿಯಲ್ಲೂ ಅದು ಸೋಲುವುದಾದರೆ ಮುಂಚಿತವಾಗಿ ತಿಳಿಯಬೇಕು, ಬೇರೆ ಔಷಧ ಕೊಡಬಹುದು, ಅವರ ಪ್ಲಾಕ್ ತನ್ನಿ ನೋಡೋಣ ಎಂದರು ಮೇಡಂ.

ತನ್ನಿ ಎನ್ನುವುದು ಸುಲಭ. ಅತ್ತೆ, ಬಾಯಿ ತೆಗೀರಿ, ನೀವು ಕದ್ದು ಮಾತ್ರೆ ನುಂಗಿದ್ದೀರಾ ನೋಡಬೇಕು ಎಂದು ಯಾವ ಸೊಸೆ ಕೇಳಿಯಾಳು? ಅತ್ತೆ ಜಗಳಗಂಟಿಯಲ್ಲ. ನೊಂದರೆ ಮಾತು ಬಿಡುವ ಜಾತಿ, ಅದು ಜಗಳಕ್ಕಿಂತ ಕಷ್ಟ. ಅಡುಗೆಯಕ್ಕ ಮೊದಲು ಮಾಡಿದ್ದು ತನ್ನ ಲೋಟ, ಚಮಚ ಬೇರೆ ಇಟ್ಟುಕೊಂಡದ್ದು. ಕಾರಣ ಹೇಳಲಿಲ್ಲ. ಅತ್ತೆ ಅದನ್ನು ಅವತ್ತೇ ಗಮನಿಸಿದರು, ಅವರೂ ಏನೂ ಕೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತು ಕಡಿಮೆಯಾಯಿತು. ನಡುವೆ ಕೂತ ಕಂಡಕ್ಟರು ತಾನೇ ಏನೋ ತಪ್ಪು ಮಾಡಿರಬೇಕೆಂದುಕೊಂಡು ಬೇಗ ಬೇಗ ಉಂಡು ಎದ್ದ.

ಆಮೇಲೆ ಅವಳಿಗೊಂದು ಉಪಾಯ ಹೊಳೆಯಿತು. ಅತ್ತೆಯ ಹಳೆಯ ಬ್ರಷ್ಷನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಲ್ಯಾಬಿಗೆ ತಂದು, ಅದರ ಜಾಗದಲ್ಲಿ ಹೊಸದೊಂದನ್ನು ಇಟ್ಟಳು. ಬ್ರಷ್ಷಿನಿಂದ ಬೆಳೆಸಿದ ತಟ್ಟೆಯನ್ನು ಮರುದಿನ ತೆರೆದಾಗ ಇಬ್ಬರೂ ಮೂಗು ಮುಚ್ಚಿಕೊಂಡರು. ಬಚ್ಚಲಿನಲ್ಲಿ ಏನೇನು ಇರುತ್ತದೋ ಅದೆಲ್ಲ ಅಲ್ಲಿ ಮೇಲುಗೈ ಸಾಧಿಸಿತ್ತು, ಬಾಯಿಯ ಬ್ಯಾಕ್ಟೀರಿಯಾ ಎಲ್ಲೋ ಮೂಲೆಗೆ ಬಿದ್ದಿದ್ದವು. ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಲ್ಯಾಬಿನಲ್ಲಿ ಇಷ್ಟು ವರ್ಷ ಇದ್ದು ಇಂಥ ಮಾದರಿ ತಂದದ್ದಕ್ಕೆ ಅಡುಗೆಯಕ್ಕನಿಗೆ ನಾಚಿಕೆಯಾಯಿತು. ಅವರನ್ನೇ ಕೇಳಿ, ಬೇರೆ ದಾರಿ ಇಲ್ಲ ಎಂದರು ಮೇಡಂ. ಕಿರುಬೆರಳಿನಷ್ಟು ಉದ್ದದ ಕೊಕ್ಕೆಯಂಥ ಸಲಕರಣೆಯನ್ನು ಶುದ್ಧ ಮಾಡಿ, ಮುಚ್ಚಿದ ಕೊಳವೆಯೊಂದಿಗೆ ಅವಳ ಕೈಗಿತ್ತರು.

ಆ ಸಂಜೆ ಅತ್ತೆ ಅಡುಗೆಮನೆಯ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದರು. ಸೊಸೆ ಅರ್ಧ ಸತ್ಯ ಹೇಳಿದಳು. ನಿಮ್ಮ ಹೃದಯಕ್ಕೆ ತೊಂದರೆಯಾಗಬಾರದು, ಕೊಡೋ ಮಾತ್ರೆ ಕೆಲಸ ಮಾಡುತ್ತೋ ಇಲ್ಲವೋ ಮೊದಲೇ ನೋಡಬೇಕು, ಹಲ್ಲಿನ ಮೇಲಿಂದ ಚೂರು ಕೆರೆದು ತೆಗೀತೀನಿ ಎಂದಳು. ಡಬ್ಬಿಯ ಮಾತು ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು. ಅತ್ತೆ ಕೊಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ನನ್ನ ಬಾಯಲ್ಲಿರೋದು ಬೆಳೆದ ಮೇಲೆ ಹೇಗಿರುತ್ತೆ ಅಂತ ನನಗೂ ತೋರಿಸ್ತೀಯಾ?”

“ಫೋಟೊ ತೆಗೆದುಕೊಂಡು ಬರ್ತೀನಿ, ಅತ್ತೆ.”

“ಹಾಗಾದ್ರೆ ತಗೋ.”

ಈ ಮನೆಯಲ್ಲಿ ಕುತೂಹಲ ತನಗೊಬ್ಬಳಿಗೇ ಇರುವುದು ಎಂದುಕೊಂಡಿದ್ದಳು ಸೊಸೆ. ಕಿಟಕಿಯ ಬೆಳಕಿಗೆ ಅತ್ತೆಯ ಮುಖ ತಿರುಗಿಸಿ, ಒಂದು ಬೆರಳಿನಿಂದ ತುಟಿ ಸರಿಸಿದಳು. ತುಟಿ ಬೆಚ್ಚಗಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅವರ ಮುಖವನ್ನು ಹೀಗೆ ಮುಟ್ಟಿದ್ದು ಅದೇ ಮೊದಲು. ಅತ್ತೆ ಕಣ್ಣು ಮುಚ್ಚಿಕೊಂಡು, ಹೆದರಿಕೆಯನ್ನು ತೋರಿಸಬಾರದೆಂದು ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಸೊಸೆಗೆ ಅವರ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ಅದರ ಜೊತೆಗೇ, ಈ ಬಾಯಿಗೆ ಏನಾದರೂ ಆದರೆ ಮನೆ ಹೇಗಿದ್ದೀತು ಎಂಬ ಭಯವೂ ಬಂತು.

ಆ ತಟ್ಟೆಯನ್ನು ಅವಳು ಸುರಿದಷ್ಟು ಜೋಪಾನವಾಗಿ ಯಾರೂ ಯಾವ ತಟ್ಟೆಯನ್ನೂ ಸುರಿದಿರಲಾರರು. ಕೂದಲೆಳೆಯಷ್ಟೂ ದಪ್ಪವಿಲ್ಲ, ತೆಳುವಿಲ್ಲ. ಮರುದಿನ ಇನ್‌ಕ್ಯುಬೇಟರಿನ ಬಾಗಿಲು ತೆಗೆಯಲು ಅವಳಿಗೆ ಧೈರ್ಯವಾಗದೆ ಮೇಡಂ ಬರುವವರೆಗೆ ಕಾದಳು. ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದರು. ಬಿಲ್ಲೆಯ ಸುತ್ತ ಖಾಲಿ ಬಳೆ, ಅಗಲವಾಗಿ, ದುಂಡಗೆ, ಸ್ಪಷ್ಟವಾಗಿ. ಅತ್ತೆಯ ಬಾಯಿಯ ಬ್ಯಾಕ್ಟೀರಿಯಾ ಆ ಔಷಧದ ಹತ್ತಿರಕ್ಕೂ ಸುಳಿದಿರಲಿಲ್ಲ. ಇದೇ ಮಾತ್ರೆ ಸಾಕು, ಧೈರ್ಯವಾಗಿ ಹಲ್ಲು ಕೀಳಿಸಿ ಎಂದು ಮೇಡಂ ಹೇಳಿದರು. ಅಡುಗೆಯಕ್ಕ ಮುಖ ತೊಳೆಯುವ ನೆಪ ಹೇಳಿ ಆಚೆ ಹೋಗಿ ಸ್ವಲ್ಪ ಅತ್ತು ಬಂದಳು.

ಅತ್ತದ್ದು ಮುಗಿಯುತ್ತಲೇ ತಲೆಗೆ ಇನ್ನೊಂದು ಹುಳ ಹೊಕ್ಕಿತು. ಅತ್ತೆ ಮಾತ್ರೆ ನುಂಗಿದವರ ಹಾಗೆ ಕಾಣುತ್ತಿಲ್ಲ. ಗಂಡನ ಬಾಯಿಂದ ಬಂತೇ? ಬಂದಿರಬಹುದು. ಆದರೆ ಅತ್ತೆ ನುಂಗಿಲ್ಲವೆಂದರೆ ಅವನು ಉಳಿಸಿದ ಮಾತ್ರೆಗಳು ಡಬ್ಬಿಯಲ್ಲಿ ರಾಶಿ ಬಿದ್ದಿರಬೇಕಲ್ಲ. ಮನೆಗೆ ಬಂದವಳೇ ಕಪಾಟಿನ ಮೇಲಿಂದ ಡಬ್ಬಿ ಇಳಿಸಿದಳು. ಅದರಲ್ಲಿದ್ದದ್ದು ಬಹುಪಾಲು ಮಾತ್ರೆಯ ಖಾಲಿ ಹಾಳೆಗಳು, ಒಂದೊಂದು ಗುಳಿಯೂ ಒಡೆದದ್ದು.

ಅತ್ತೆ ಹಿಂದೆಯೇ ಬಂದು ನಿಂತಿದ್ದರು. ಡಬ್ಬಿಯ ಬಗ್ಗೆ ಒಂದು ಮಾತೂ ಆಡದೆ, ಫೋಟೊ ಎಲ್ಲಿ ಎಂದು ಕೇಳಿದರು. ಸೊಸೆ ಫೋನು ತೆಗೆದು ಎರಡು ತಟ್ಟೆಗಳನ್ನೂ ತೋರಿಸಿದಳು. ಬಳೆ ಇದ್ದರೆ ಒಳ್ಳೆಯದು, ಮಾತ್ರೆ ಗೆದ್ದ ಗುರುತು ಎಂದು ವಿವರಿಸಿದಳು. ಅತ್ತೆ ತಮ್ಮ ತಟ್ಟೆಯನ್ನು ಕಣ್ತುಂಬ ನೋಡಿ ಸಂತೋಷಪಟ್ಟರು. ಬಳೆಯಿಲ್ಲದ ತಟ್ಟೆಯ ಮೇಲೆ ಬೆರಳಿಟ್ಟು, ಪಾಪ ಇದು ಯಾರದ್ದು ಎಂದು ಕೇಳಿದರು.

“ನಂದು.”

ಅತ್ತೆ ಸ್ಟೂಲಿನ ಮೇಲೆ ಕೂತರು. ಫೋನಿನ ಬೆಳಕು ಆರಿದ ಮೇಲೂ ಅದನ್ನೇ ನೋಡುತ್ತಿದ್ದರು.

“ಆ ಮಾತ್ರೆಗಳೆಲ್ಲ ನಿನ್ನ ಹೊಟ್ಟೆಗೇ ಹೋಗಿವೆ, ನಾನು ಒಂದೂ ನುಂಗಿಲ್ಲ,” ಎಂದರು.

ನೆಗಡಿಯಾದಾಗ ಅತ್ತೆ ತಂದುಕೊಡುತ್ತಿದ್ದ ಬಿಸಿ ಹಾಲು ಸೊಸೆಗೆ ನೆನಪಾಯಿತು. ಬಾಯಿ ಕಟ್ಟುವಷ್ಟು ಸಕ್ಕರೆ, ತಳದಲ್ಲಿ ಒಂಚೂರು ಕಹಿ. ಕಹಿ ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ಮೆಣಸು ಹಾಕಿದ್ದೇನೆ ಎಂದಿದ್ದರು. ಲ್ಯಾಬಿನಲ್ಲಿ ಕಂಡ ಪ್ರತಿ ಚುಕ್ಕೆಗೂ ಮೂಗು ತೂರಿಸುವವಳು, ತನ್ನ ಲೋಟದ ತಳಕ್ಕೆ ಇಷ್ಟು ವರ್ಷ ಬಗ್ಗಿ ನೋಡಿರಲಿಲ್ಲ.

“ಯಾವಾಗಿಂದ, ಅತ್ತೆ?”

“ನೀನು ಈ ಮನೆಗೆ ಬಂದು ಮೊದಲನೇ ಸಲ ಸೀನಿದಾಗಿಂದ.” ಅತ್ತೆ ತಲೆ ಎತ್ತಲಿಲ್ಲ. “ದಿನಾ ಆ ಹುಳಗಳ ಮಧ್ಯೆ ಕೆಲಸ ಮಾಡ್ತೀಯ. ಕೊಟ್ರೆ ಬೇಡ ಅಂತೀಯ. ನನಗೆ ಹೆದರಿಕೆ ಆಗ್ತಿತ್ತು. ಅರ್ಧ ಮಾತ್ರೆ, ಒಂದು ಮಾತ್ರೆ, ಪುಡಿ ಮಾಡಿ ಹಾಕಿಬಿಡ್ತಿದ್ದೆ.”

ಸೊಸೆಗೆ ಸಿಟ್ಟು ಬಂತು, ಬರದೆ ಏನು? ನೆಗಡಿಗೆ ಆ ಮಾತ್ರೆ ಕೆಲಸಕ್ಕೇ ಬಾರದು, ಕೆಡಿಸುವುದಷ್ಟೇ ಅದಕ್ಕೆ ಗೊತ್ತು. ತನ್ನನ್ನು ಕೇಳದೆ ತನ್ನ ಬಾಯಿಯನ್ನು ಕೆಡಿಸಿಟ್ಟಿದ್ದರು. ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು. ಒಂದು ವಾರದಿಂದ ಲೋಟ ಬೇರೆ ಮಾಡಿ, ಕದ್ದು ಮಾತ್ರೆ ನುಂಗುವ ಮುದುಕಿ ಎಂದು ಮನಸ್ಸಿನಲ್ಲೇ ಅವರನ್ನು ಕಟಕಟೆಯಲ್ಲಿ ನಿಲ್ಲಿಸಿದವಳು ತಾನೇ. ಇಬ್ಬರೂ ಒಬ್ಬರ ಜೀವಕ್ಕೆ ಒಬ್ಬರು ಹೆದರಿದ್ದರು, ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅಷ್ಟರಲ್ಲಿ ಅತ್ತೆಯೇ ಕೇಳಿದರು.

“ಅಂದ್ರೆ ನಾಳೆ ನಿನಗೆ ನಿಜವಾಗ್ಲೂ ಏನಾದ್ರೂ ಬಂದ್ರೆ, ಈ ಮಾತ್ರೆ ಕೆಲಸ ಮಾಡಲ್ವಾ?”

“ಇದು ಮಾಡದೇ ಇರಬಹುದು. ಬೇರೆ ಇದಾವೆ.”

“ಅವೂ ಮುಗಿದ್ರೆ?”

ಈ ಪ್ರಶ್ನೆಯನ್ನು ಸೊಸೆ ಹಿಂದೊಮ್ಮೆ ಮೇಡಂಗೂ ಕೇಳಿದ್ದಳು. ಅವತ್ತು ಮೇಡಂ ಎದ್ದು ತಟ್ಟೆಗಳನ್ನು ಜೋಡಿಸತೊಡಗಿದ್ದರು. ಇವತ್ತು ಇವಳೂ ಡಬ್ಬಿಯಲ್ಲಿನ ಖಾಲಿ ಹಾಳೆಗಳನ್ನು ಒಟ್ಟುಮಾಡಿದಳು. ಉಳಿದಿದ್ದ ಬೆರಳೆಣಿಕೆಯ ಮಾತ್ರೆಗಳನ್ನು ಆಸ್ಪತ್ರೆಗೆ ವಾಪಸು ಕೊಡಲೆಂದು ಡಬ್ಬಿಯ ಸಮೇತ ಚೀಲಕ್ಕೆ ಹಾಕಿಕೊಂಡಳು. ಅತ್ತೆ ತಡೆಯಲಿಲ್ಲ.

ಹಲ್ಲು ಕಿತ್ತ ದಿನ ಅತ್ತೆ ಡಾಕ್ಟರು ಕೊಟ್ಟ ಮಾತ್ರೆಗಳನ್ನು ಅವರೆದುರೇ ನುಂಗಿ, ಒಂದನ್ನೂ ಉಳಿಸಿಲ್ಲವೆಂದು ಸೊಸೆಗೆ ಅಂಗೈ ಬಿಚ್ಚಿ ತೋರಿಸಿದರು. ಹಲ್ಲು ತೊಂದರೆಯಿಲ್ಲದೆ ಬಂತು. ಆಮೇಲೆ ವಾರಗಟ್ಟಲೆ ಮನೆಯವರು ಅವರ ಹಣೆ ಮುಟ್ಟಿ ಮುಟ್ಟಿ ನೋಡಿದರು, ಜ್ವರ ಬರಲಿಲ್ಲ. ಮಾತ್ರೆ ನುಂಗುವ ಮುಂಚೆ ತೆಗೆದಿದ್ದ ಅವರ ಬ್ಯಾಕ್ಟೀರಿಯಾವನ್ನು ಮೇಡಂ ಹೋಲಿಕೆಗೆಂದು ಲ್ಯಾಬಿನ ಫ್ರೀಜರಿನಲ್ಲಿ ಕಾದಿರಿಸಿದರು. ಆರೋಗ್ಯದ ಬಾಯಿ ಎಂಬ ಬಿರುದು ಈಗ ಹುಳುಕು ಹಲ್ಲಿನ ಅತ್ತೆಗೆ ಹೋಗಿತ್ತು. ಈ ಸುದ್ದಿ ಕೇಳಿದ ಮೇಲೆ ಅತ್ತೆ ಅಕ್ಕಪಕ್ಕದವರಿಗೆ ಹೇಳಿಕೊಂಡು ತಿರುಗಿದ್ದು ಹೇಗೆಂದರೆ, ಆಸ್ಪತ್ರೆಯವರು ಅವರನ್ನೇ ಫ್ರೀಜರಿನಲ್ಲಿ ಇಟ್ಟಿದ್ದಾರೇನೋ ಎಂದು ಜನ ಗಾಬರಿಯಾದರು.

ಅಡುಗೆಯಕ್ಕನ ಬಾಯಿ ಏನಾದೀತು ಎಂದು ಮೇಡಂಗೂ ಗೊತ್ತಿರಲಿಲ್ಲ. ಔಷಧ ಬೀಳದಿದ್ದರೆ ನಿಧಾನವಾಗಿ ಸಾಧು ಜಾತಿಯವು ಮತ್ತೆ ಮೇಲುಗೈ ಸಾಧಿಸಬಹುದು, ಸಾಧಿಸದೆಯೂ ಇರಬಹುದು, ಆಗಾಗ ಬೆಳೆಸಿ ನೋಡೋಣ ಎಂದರು. ಅವಳು ಲೋಟ ಬೇರೆ ಇಟ್ಟುಕೊಳ್ಳುವುದನ್ನು ಬಿಡಲಿಲ್ಲ, ಈ ಸಲ ಕಾರಣ ಹೇಳಿದಳು. ನಿಮ್ಮದು ನನಗೆ ಬಂದ್ರೆ ಚಿಂತೆಯಿಲ್ಲ ಅತ್ತೆ, ನಂದು ನಿಮಗೆ ಬರಬಾರದು ಎಂದಳು. ಬೆಳಗ್ಗೆ ಇನ್‌ಕ್ಯುಬೇಟರಿನ ಮುಂದೆ ನಿಲ್ಲುವ ಚಟ ಹಾಗೇ ಉಳಿಯಿತು. ಈಗ ನೋಡುವ ತಟ್ಟೆಗಳಲ್ಲಿ ಒಂದು ಅವಳ ಸ್ವಂತದ್ದು.

ಚಳಿ ಶುರುವಾದ ಮೇಲೆ ಒಂದು ಸಂಜೆ ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗಲೇ ಸೀನಿದಳು. ಒಂದಲ್ಲ, ಸಾಲಾಗಿ. ಅತ್ತೆ ಅಭ್ಯಾಸಬಲದಿಂದ ಎದ್ದು ಕಪಾಟಿನ ಹತ್ತಿರ ಹೋದರು, ಅಲ್ಲಿ ಡಬ್ಬಿ ಇಲ್ಲದ್ದು ನೆನಪಾಗಿ ನಿಂತರು. ಆಮೇಲೆ ಒಲೆ ಹಚ್ಚುವ ಸದ್ದು ಬಂತು. ಬಿಸಿ ಹಾಲಿನ ಲೋಟ ಹಿಡಿದು ಬಂದವರು, ಸೊಸೆಯ ಕೈಗೆ ಕೊಡುವ ಮೊದಲು ಅವಳ ಮುಖವನ್ನೇ ನೋಡುತ್ತ ತಾವೇ ಒಂದು ಗುಟುಕು ಕುಡಿದರು.

“ನೋಡು, ಏನೂ ಹಾಕಿಲ್ಲ,” ಎಂದು ಲೋಟ ಮುಂದೆ ಚಾಚಿದರು.

ಅವಳು ಕೈ ಚಾಚಲಿಲ್ಲ. ಅತ್ತೆಯ ಮುಖ ಸಣ್ಣದಾಗುತ್ತಿರುವುದು ಕಂಡು ಬೇಗನೆ ಹೇಳಿದಳು.

“ಇನ್ನೊಂದು ಗುಟುಕು ಕುಡಿದು ಕೊಡಿ, ಅತ್ತೆ. ನಿಮ್ಮ ಬಾಯಿಯ ಒಳ್ಳೆಯವು ಒಂದಷ್ಟು ಈ ಕಡೆ ಬರಲಿ.”

ಅತ್ತೆ ಲೋಟವನ್ನು ಎತ್ತಿ ನಿಧಾನವಾಗಿ, ದೊಡ್ಡದೊಂದು ಗುಟುಕು ಕುಡಿದು, ಲೋಟದ ಅಂಚನ್ನು ಒರೆಸದೆ ಹಾಗೇ ಅವಳ ಕೈಗಿಟ್ಟರು. ಸೊಸೆ ತಳದವರೆಗೂ ಕುಡಿದು, ಆ ಲೋಟವನ್ನು ತಾನೇ ತೊಳೆದಿಟ್ಟಳು.